ಕುದುರೆಗೊಂದು ಕಾನೂನು, ಇಸ್ಪೀಟಿಗೊಂದು ಕಾನೂನು

ಯುಗಾದಿಯ ಮರುದಿನ ಹೊಸತೊಡಕು. ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಅಂದು ಬಾಡೂಟದ ಜೊತೆಗೆ ಇಸ್ಪೀಟೂ ಇರುತ್ತದೆ. ಅರಳಿಕಟ್ಟೆಯ ಮೇಲೆ, ತೋಟದ ಮನೆಯ ಜಗಲಿಯಲ್ಲಿ, ಪಂಪ್‌ಸೆಟ್ಟಿನ ಪಕ್ಕದ ನೆರಳಲ್ಲಿ ಅಂದರ್ ಬಾಹರ್ ನಡೆಯುತ್ತದೆ. ಎಲ್ಲೋ ಒಂದು ಕಡೆ ಪೊಲೀಸ್ ಜೀಪು ಬಂದು ನಿಲ್ಲುತ್ತದೆ. ಇಷ್ಟು ಮಂದಿ ವಶಕ್ಕೆ, ಇಷ್ಟು ಸಾವಿರ ರೂಪಾಯಿ ಜಪ್ತಿ ಎಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ರೇಸ್ ಇರುವ ದಿನ ಅದರ ಎಷ್ಟೋ ಪಟ್ಟು ಹಣ ಕಿಟಕಿಯಲ್ಲಿ ಟಿಕೆಟ್ ಸಮೇತ ಕೈ ಬದಲಿಸುತ್ತದೆ. ಅಲ್ಲಿಯೂ ಪೊಲೀಸರಿರುತ್ತಾರೆ, ಬಂದೋಬಸ್ತಿಗೆ.

ಈ ಭೇದ ಎಲ್ಲಿಂದ ಬಂತು, ಯಾವ ತರ್ಕದ ಮೇಲೆ ನಿಂತಿದೆ, ಪ್ರತಿಯೊಬ್ಬರ ಜೇಬಿಗೂ ಮೊಬೈಲ್ ಬಂದ ಮೇಲೆ ಆ ತರ್ಕ ಉಳಿದಿದೆಯೇ ಎಂಬುದನ್ನು ಒಟ್ಟಿಗೆ ಇಟ್ಟು ನೋಡಬೇಕಾದ ಕಾಲ ಇದು. ನಾನು ರೇಸ್ ಪ್ರೇಮಿ. ಪ್ಯಾಡಕ್‌ನಲ್ಲಿ ಕುದುರೆಗಳು ಸುತ್ತು ಹಾಕುವಾಗ ಮೈಹೊಳಪು, ಹೆಜ್ಜೆಯ ಬಿಗಿ, ಕತ್ತಿನ ಬೆವರು ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕುವ ಆ ಹೊತ್ತು ನನಗೆ ಬಹಳ ಪ್ರಿಯ. ಕೊನೆಯ ರೇಸ್ ಮುಗಿದ ಮೇಲೆ ಬಸ್ಸಿನ ದುಡ್ಡಿಗೂ ಪರದಾಡುತ್ತ ಗೇಟಿನ ಹೊರಗೆ ನಿಂತ ಸಂಸಾರಸ್ಥರನ್ನೂ ನೋಡಿದ್ದೇನೆ. ಎರಡನ್ನೂ ಕಂಡವನಾಗಿ ನನ್ನ ವಾದ ಇಷ್ಟು: ಆಟದಲ್ಲಿ ಜಾಣ್ಮೆ ಎಷ್ಟು, ಅದೃಷ್ಟ ಎಷ್ಟು ಎಂದು ಅಳೆಯುವುದರಲ್ಲೇ ನಮ್ಮ ಕಾನೂನು ಏಳು ದಶಕ ಕಳೆದಿದೆ. ಒಂದು ಮನೆ ಉಳಿಯುತ್ತದೋ ಮುಳುಗುತ್ತದೋ ಎಂಬುದನ್ನು ನಿರ್ಧರಿಸುವುದು ಬೇರೆ ಸಂಗತಿಗಳು. ಪಣವನ್ನು ಎಷ್ಟು ಬೇಗ ಬೇಗ ಕಟ್ಟಬಹುದು, ಅದು ಎಷ್ಟು ಹತ್ತಿರದಲ್ಲಿದೆ, ಎಷ್ಟು ಗುಟ್ಟಾಗಿ ನಡೆಯುತ್ತದೆ ಎಂಬುವು.

ಈ ಪ್ರಶ್ನೆಯನ್ನು ಮೊದಲು ಎದುರಿಸಿದವರು ನಾವಲ್ಲ. ಮನು ದಾಳದ ಜೂಜನ್ನೂ ಪ್ರಾಣಿಗಳ ಮೇಲೆ ಕಟ್ಟುವ ಪಣವನ್ನೂ ರಾಜ್ಯದಿಂದಲೇ ಹೊರಹಾಕಬೇಕೆಂದ. ಕೌಟಿಲ್ಯ ಮಾತ್ರ ಜೂಜಿಗೆ ಒಬ್ಬ ಅಧ್ಯಕ್ಷನನ್ನು ನೇಮಿಸಿ, ಒಂದೇ ಕಡೆ ಆಡಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ವಸೂಲಿ ಮಾಡಲು ಹೇಳಿದ. ಯಾಜ್ಞವಲ್ಕ್ಯ ಸ್ಮೃತಿಯೂ ಅದೇ ದಾರಿ ಹಿಡಿಯಿತು: ಜೂಜು ಒಬ್ಬ ಮುಖ್ಯಸ್ಥನ ಕಣ್ಣಳತೆಯಲ್ಲಿ ನಡೆಯಲಿ, ಕಳ್ಳರು ಯಾರೆಂದು ತಿಳಿಯಲು ಅದರಿಂದ ಅನುಕೂಲ, ಪ್ರಾಣಿಗಳ ಪಣಕ್ಕೂ ಇದೇ ನಿಯಮ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರಾ ಬರೆದದ್ದು ಇದೇ ಸ್ಮೃತಿಯ ಮೇಲೆ. ದಾಳಕ್ಕೂ ಪ್ರಾಣಿಪಣಕ್ಕೂ ಒಂದೇ ನಿಯಮ ಎಂಬ ಮಾತು ನಮ್ಮ ನೆಲದ ಕಾನೂನು ಪರಂಪರೆಯಲ್ಲಿ ಅಷ್ಟು ಹಳೆಯದು. ಅದನ್ನು ಒಡೆದವರು ಬ್ರಿಟಿಷರು.

1867ರ ಸಾರ್ವಜನಿಕ ಜೂಜು ಕಾಯಿದೆ ಜೂಜಿನ ಮನೆ ನಡೆಸುವವನನ್ನೂ ಅಲ್ಲಿ ಸಿಕ್ಕಿಬಿದ್ದವನನ್ನೂ ಶಿಕ್ಷಿಸಿತು. ಕೇವಲ ಜಾಣ್ಮೆಯ ಆಟಗಳನ್ನು ಬಿಟ್ಟುಕೊಟ್ಟಿತು. ಕುದುರೆ ಓಟ ಆಗ ದಂಡಿನ ಅಧಿಕಾರಿಗಳ, ಮಹಾರಾಜರ, ಪ್ಲಾಂಟರುಗಳ ಮೈದಾನ. ಮೈಸೂರು ರೇಸ್ ಕ್ಲಬ್ ಹುಟ್ಟಿದ್ದು 1891ರಲ್ಲಿ, ಅರಮನೆಯ ಆಸರೆಯಲ್ಲಿ. ಸ್ವಾತಂತ್ರ್ಯ ಬಂದ ಮೇಲೂ ಕುದುರೆಗೂ ಇಸ್ಪೀಟಿಗೂ ನಡುವಿನ ಆ ಗೋಡೆ ಹಾಗೆಯೇ ನಿಂತಿತು. 1952ರಲ್ಲಿ ಮೈಸೂರು ರೇಸ್ ಕೋರ್ಸುಗಳ ಪರವಾನಗಿ ಕಾಯಿದೆ ಬಂತು. 1963ರ ಪೊಲೀಸ್ ಕಾಯಿದೆ ಜೂಜು ಎಂದರೇನೆಂದು ಹೇಳುವಾಗ, ಪರವಾನಗಿ ಪಡೆದ ಆವರಣದೊಳಗೆ ರೇಸಿನ ದಿನವೇ ಕುದುರೆಯ ಮೇಲೆ ಕಟ್ಟುವ ಪಣವನ್ನು ಹೊರಗಿಟ್ಟಿತು. ಅದೇ ಕುದುರೆಯ ಮೇಲೆ ಅದೇ ಹೊತ್ತಿಗೆ ಗೇಟಿನಾಚೆಯ ಚಹಾ ಅಂಗಡಿಯಲ್ಲಿ ಪಣ ಕಟ್ಟಿದರೆ ಅಪರಾಧ. ಕುದುರೆಯ ಬಾಲಕ್ಕೆ ದುಡ್ಡು ಕಟ್ಟಿ ಹಾಳಾದ ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಯಾವ ಗೇಟಿನೊಳಗೆ ನಿಂತು ಕಟ್ಟಿದ ಎಂದು ಮನೆಯವರು ಕೇಳುವುದಿಲ್ಲ.

ಸಂವಿಧಾನ ಪಣವನ್ನೂ ಜೂಜನ್ನೂ ರಾಜ್ಯಪಟ್ಟಿಯ 34ನೇ ನಮೂದಿನಲ್ಲಿಟ್ಟಿತು. ಆಮೇಲೆ ಬಂದದ್ದು ನ್ಯಾಯಾಲಯಗಳ ಸರದಿ. ಇದರ ಮೊದಲ ದೊಡ್ಡ ಮೊಕದ್ದಮೆಗೆ ಬೆಂಗಳೂರಿನ ನಂಟಿದೆ. ಆರ್‌.ಎಂ.ಡಿ. ಚಮರ್‌ಬಾಗ್‌ವಾಲಾ ನಡೆಸುತ್ತಿದ್ದ ಪದಬಂಧದ ಬಹುಮಾನ ಸ್ಪರ್ಧೆ ಇಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಇಂಗ್ಲಿಷ್ ವಾರಪತ್ರಿಕೆಯ ಮೂಲಕ ಮುಂಬಯಿಗೂ ಹೋಗುತ್ತಿತ್ತು. ಮುಂಬಯಿ ಸರಕಾರ ತೆರಿಗೆ ಕೇಳಿತು. 1957ರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಋಗ್ವೇದ, ಮಹಾಭಾರತ, ಸ್ಮೃತಿಗಳನ್ನೆಲ್ಲ ಸುತ್ತಿ ಬಂದು, ಜೂಜು ಸಂವಿಧಾನ ರಕ್ಷಿಸುವಂಥ ವ್ಯಾಪಾರವೇ ಅಲ್ಲ ಎಂದರು. ಆದರೆ ಜಾಣ್ಮೆ ಪ್ರಧಾನವಾದ ಆಟಕ್ಕೆ ಈ ಮಾತು ತಗಲುವುದಿಲ್ಲ ಎಂಬ ಕಿಂಡಿಯೂ ಅದೇ ವರ್ಷದ ತೀರ್ಪುಗಳಲ್ಲಿ ತೆರೆಯಿತು. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ರಮ್ಮಿ ಆ ಕಿಂಡಿಯಿಂದ ಒಳಬಂತು. ಎಲೆಗಳನ್ನು ನೆನಪಿಟ್ಟು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕಾದ ಆಟ ಅದೃಷ್ಟದ್ದಲ್ಲ ಎಂದಿತು ಸುಪ್ರೀಂ ಕೋರ್ಟ್.

ಕುದುರೆಯ ಸರದಿ 1996ರ ಜನವರಿಯಲ್ಲಿ. ತಮಿಳುನಾಡು 1974ರಲ್ಲಿ ಕಾನೂನು ತಿದ್ದಿ ಕುದುರೆ ಪಣವನ್ನೂ ಜೂಜಿಗೆ ಸೇರಿಸಿತ್ತು, 1986ರಲ್ಲಿ ಮದರಾಸು ರೇಸ್ ಕ್ಲಬ್ಬನ್ನೇ ವಶಪಡಿಸಿಕೊಳ್ಳುವ ಕಾಯಿದೆ ತಂದಿತ್ತು. ಲಕ್ಷ್ಮಣನ್ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಬರೆದ ತೀರ್ಪು ಎರಡನ್ನೂ ತಳ್ಳಿಹಾಕಿತು. ತಳಿ, ತರಬೇತಿ, ಹಿಂದಿನ ಓಟಗಳ ದಾಖಲೆ, ಹೊರುವ ತೂಕ, ಓಟದ ದೂರ, ಜಾಕಿಯ ಕೈಚಳಕ ಇವೆಲ್ಲವನ್ನೂ ತೂಗಿ ಕಟ್ಟುವ ಪಣ ಜಾಣ್ಮೆಯದು ಎಂದಿತು.

ರೇಸ್ ಬಲ್ಲವನಾಗಿ ನಾನು ಆ ವಿವರಣೆಯನ್ನು ಒಪ್ಪುತ್ತೇನೆ. 1,200 ಮೀಟರ್ ಓಟದಲ್ಲಿ ಗಾಳಿಯಂತೆ ಹೋಗುವ ಕುದುರೆ 2,000 ಮೀಟರಿಗೆ ಉಸಿರು ಕಟ್ಟಿ ನಿಲ್ಲುತ್ತದೆ. ಗೆದ್ದ ಕುದುರೆಗೆ ಹ್ಯಾಂಡಿಕ್ಯಾಪರ್ ಮುಂದಿನ ಸಲ ಎರಡು ಕೆಜಿ ಹೆಚ್ಚು ಹೊರಿಸಿದರೆ ಲೆಕ್ಕವೇ ಬದಲಾಗುತ್ತದೆ. ಮಳೆ ಬಿದ್ದ ಟ್ರ್ಯಾಕಿನಲ್ಲಿ ಕಾಲೂರುವ ಕುದುರೆಗಳೇ ಬೇರೆ. ಇದನ್ನೆಲ್ಲ ಓದಿ ತಿಳಿದವನಿಗೂ ಹೆಸರು ಚಂದವಿದೆ ಎಂದು ಕಟ್ಟುವವನಿಗೂ ಅಂತರವಿದೆ. ಆದರೆ ಈ ಸತ್ಯದಿಂದ ಕಾನೂನು ತೆಗೆದ ನಿರ್ಣಯ ನನಗೆ ಒಪ್ಪಿಗೆಯಿಲ್ಲ. ಟೋಟ್ ಕಿಟಕಿಯಲ್ಲಿ ನಾವು ಆಡುವುದು ಕ್ಲಬ್ಬಿನ ವಿರುದ್ಧವಲ್ಲ, ಪಕ್ಕದ ಸಾಲಿನಲ್ಲಿ ನಿಂತವರ ವಿರುದ್ಧ. ಎಲ್ಲರ ಹಣ ಒಂದು ರಾಶಿಗೆ ಬೀಳುತ್ತದೆ; ಕ್ಲಬ್ಬಿನ ಪಾಲು, ಸರಕಾರದ ಪಾಲು ತೆಗೆದು ಮಿಕ್ಕದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಎಲ್ಲರೂ ಜಾಣರಾದರೂ ಒಟ್ಟು ಗುಂಪು ಸೋತೇ ಮನೆಗೆ ಹೋಗುತ್ತದೆ. ಜಾಣ್ಮೆ ಮಾಡುವ ಕೆಲಸ ಒಂದೇ: ತಿಳಿಯದವನ ಹಣವನ್ನು ತಿಳಿದವನ ಕಡೆಗೆ ಸಾಗಿಸುವುದು. ಅಂದ ಮೇಲೆ ಜಾಣ್ಮೆಯ ಆಟ ಎಂಬ ಮುದ್ರೆ ದುರ್ಬಲನನ್ನು ಕಾಯುವುದಿಲ್ಲ. ರಮ್ಮಿ ಆ್ಯಪ್‌ಗಳ ಕಾಲದಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಂಡಿತು. 1967ರ ತೀರ್ಪು ಕ್ಲಬ್ಬಿನ ಮೇಜಿನ ಸುತ್ತ ಕೂತ ಪರಿಚಿತರ ಆಟವನ್ನು ನೋಡಿ ಬರೆದದ್ದು. ಮಧ್ಯರಾತ್ರಿ ಹಾಸಿಗೆಯಲ್ಲಿ ಮಲಗಿ, ಗುರುತು ಪರಿಚಯವಿಲ್ಲದವರೊಂದಿಗೆ, ನಿಮಿಷಕ್ಕೊಂದು ಆಟದಂತೆ ಸಂಬಳವನ್ನೇ ಕಳೆಯುವ ಹುಡುಗನ ಕೈಯಲ್ಲಿದ್ದ ಆ್ಯಪ್‌ಗೂ ಅದೇ ತೀರ್ಪು ಗುರಾಣಿಯಾಗಿತ್ತು.

ವೇಗವೇ ಇಲ್ಲಿ ಮುಖ್ಯ. ರೇಸ್ ಕೋರ್ಸಿನಲ್ಲಿ ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು ಅರ್ಧ ಗಂಟೆ ಇರುತ್ತದೆ. ಸೋತವನು ಆ ಹೊತ್ತಿನಲ್ಲಿ ಎದ್ದು ನಡೆಯುತ್ತಾನೆ, ಚಹಾ ಕುಡಿಯುತ್ತಾನೆ, ಪಕ್ಕದವನ ಹತ್ತಿರ ಹಲುಬುತ್ತಾನೆ, ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಸಂಜೆಗೆ ಗೇಟು ಮುಚ್ಚುತ್ತದೆ. ರೇಸಿಲ್ಲದ ದಿನ ಮೈದಾನ ಖಾಲಿ. ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳ ಕಥೆ ಇದಕ್ಕೆ ತಕ್ಕ ಸಾಕ್ಷಿ. 1961ರ ಮೇ 1ರಿಂದ ಅಲ್ಲಿ ಇಂಥ ಅಂಗಡಿಗಳು ಕಾನೂನುಬದ್ಧವಾದವು; ಕುದುರೆಯ ಮೇಲೆ ಪಣ ಕಟ್ಟುವವರು ದಶಕಗಳ ಕಾಲ ಅಲ್ಲಿ ಬಂದು ಹೋಗುತ್ತಿದ್ದರು. ಆಮೇಲೆ ಅದೇ ಅಂಗಡಿಗಳ ಮೂಲೆಯಲ್ಲಿ ಎಲೆಕ್ಟ್ರಾನಿಕ್ ರೂಲೆ ಯಂತ್ರಗಳು ಬಂದವು. ಇಪ್ಪತ್ತು ಸೆಕೆಂಡಿಗೊಮ್ಮೆ 100 ಪೌಂಡ್‌ವರೆಗೆ ಪಣ ಕಟ್ಟಬಹುದಿತ್ತು. ಮನೆಗಳು ಮುಳುಗಿದವು, ವರ್ಷಗಟ್ಟಲೆ ಚಳವಳಿ ನಡೆಯಿತು, 2019ರ ಏಪ್ರಿಲ್‌ನಲ್ಲಿ ಸರಕಾರ ಗರಿಷ್ಠ ಪಣವನ್ನು 2 ಪೌಂಡಿಗೆ ಇಳಿಸಿತು. ಅಂಗಡಿ ಅದೇ, ಗಿರಾಕಿ ಅವನೇ. ಬದಲಾದದ್ದು ಪಣದಿಂದ ಪಣಕ್ಕೆ ಇರುವ ಅಂತರ. ಕಾನೂನು ಕೈ ಹಾಕಬೇಕಾದ ಜಾಗ ಇದು.

ಕರ್ನಾಟಕ 2021ರಲ್ಲಿ ಕೈ ಹಾಕಿದ್ದು ಬೇರೆ ಕಡೆ. ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು, ಜಾಣ್ಮೆಯವನ್ನೂ ಸೇರಿಸಿ, ನಿಷೇಧಿಸಿತು. ಕುದುರೆ ರೇಸಿನ ಪಣವನ್ನು ಮಾತ್ರ ಎಂದಿನಂತೆ ಹೊರಗಿಟ್ಟಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕಾರಣ ಮತ್ತೆ ಅದೇ, ಜಾಣ್ಮೆಗೂ ಅದೃಷ್ಟಕ್ಕೂ ಇರುವ ಭೇದವನ್ನು ಅಳಿಸುವಂತಿಲ್ಲ ಎಂಬುದು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯಿದೆ ಅಂಗೀಕರಿಸಿ, ಆಟ ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಇಡೀ ದೇಶದಲ್ಲಿ ಕೂಡದು ಎಂದಿತು. ನಡೆಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ, ಆಡುವವನಿಗೆ ಶಿಕ್ಷೆಯಿಲ್ಲ. ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋದವು. ಆಡಿದವನನ್ನು ಅಪರಾಧಿಯೆಂದು ಕಾಣದೆ ಬಿಟ್ಟದ್ದು ಈ ಕಾಯಿದೆಯ ಬಹಳ ಒಳ್ಳೆಯ ಗುಣ. ಹೊಸತೊಡಕಿನ ದಿನ ಎಲೆ ಹಿಡಿದವನಿಗೆ ಆ ಕರುಣೆ ಇನ್ನೂ ಸಿಕ್ಕಿಲ್ಲ.

ತೆರಿಗೆಯ ಮಾತಿಗೆ ಬರುತ್ತೇನೆ. ರೇಸ್ ಮೈದಾನದಲ್ಲಿ ಇಂದು ಎಲ್ಲರ ಬಾಯಲ್ಲಿರುವುದು ಇದೇ. ಜಿಎಸ್‌ಟಿ ಬಂದಾಗ ಕೇಂದ್ರ ಇಡೀ ಪಣದ ಮೇಲೆ ತೆರಿಗೆ ಕೇಳಿತು. ಬೆಂಗಳೂರು ಟರ್ಫ್ ಕ್ಲಬ್ ಮತ್ತು ಮೈಸೂರು ರೇಸ್ ಕ್ಲಬ್‌ಗಳು ಹೈಕೋರ್ಟಿಗೆ ಹೋದವು. 2021ರ ಜೂನ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ, ಕ್ಲಬ್ ಸೇವೆ ಕೊಟ್ಟು ಪಡೆಯುವುದು ತನ್ನ ಕಮಿಷನ್ ಮಾತ್ರ, ತೆರಿಗೆಯೂ ಅದರ ಮೇಲೆ ಮಾತ್ರ ಎಂದು ತೀರ್ಪು ಕೊಟ್ಟರು. ಕೇಂದ್ರ ಕಾನೂನನ್ನೇ ತಿದ್ದಿತು. 2023ರ ಅಕ್ಟೋಬರ್ 1ರಿಂದ ಪೂರ್ತಿ ಪಣದ ಮೇಲೆ ಶೇ 28, 2025ರ ಸೆಪ್ಟೆಂಬರ್ 22ರಿಂದ ಶೇ 40. ಲೆಕ್ಕ ಹಾಕಿ ನೋಡಿ. ಹತ್ತು ಮಂದಿ ತಲಾ 140 ರೂಪಾಯಿ ಕೊಟ್ಟರೆ ಒಟ್ಟು 1,400. ಅದರಲ್ಲಿ 400 ಓಟಕ್ಕೆ ಮೊದಲೇ ತೆರಿಗೆಗೆ ಹೋಯಿತು. ಉಳಿದ ಸಾವಿರದಲ್ಲಿ ಕ್ಲಬ್ಬಿನ ಪಾಲು ಶೇ 10 ಎಂದು ಹಿಡಿದರೂ ಗೆದ್ದವರಿಗೆ ಹಂಚಲು ಸಿಗುವುದು 900. ಗೆಲುವು 10,000 ದಾಟಿದರೆ ಶೇ 30 ಮೂಲದಲ್ಲೇ ಕಡಿತ, ಸೋತದ್ದನ್ನು ಗೆದ್ದದ್ದಕ್ಕೆ ವಜಾ ಹಾಕಿಕೊಳ್ಳುವಂತಿಲ್ಲ. ಫೋನಿನಲ್ಲಿ ಸಿಗುವ ಕಳ್ಳ ಬುಕ್ಕಿ ಇದರಲ್ಲಿ ಯಾವುದನ್ನೂ ಕತ್ತರಿಸುವುದಿಲ್ಲ. ಅವನು ಸಾಲವನ್ನೂ ಕೊಡುತ್ತಾನೆ. ಹಾಳಾಗುವ ದಾರಿ ಅಲ್ಲಿಂದ ಶುರು: ಕಿಟಕಿಯಲ್ಲಿ ಜೇಬಿನಲ್ಲಿರುವಷ್ಟೇ ಸೋಲಬಹುದು, ಬುಕ್ಕಿಯ ಹತ್ತಿರ ಇಲ್ಲದ್ದನ್ನೂ ಸೋಲಬಹುದು. ವಸೂಲಿಗೆ ಅವನು ಕಳಿಸುವ ಮಂದಿ ನೋಟಿಸು ತರುವುದಿಲ್ಲ.

ಇದೇ ಕಷ್ಟಕ್ಕೆ ಸಿಕ್ಕಿದ ಎರಡು ಕಡೆ ದಾರಿ ಬದಲಿಸಿದ್ದಾರೆ. ಬ್ರಿಟನ್ನಿನಲ್ಲಿ ಪಣ ಕಟ್ಟುವವನಿಂದ ಶೇ 9 ಕಡಿತವಾಗುತ್ತಿತ್ತು. ದೊಡ್ಡ ಬುಕ್‌ಮೇಕರ್‌ಗಳು ಸುಂಕವಿಲ್ಲದ ಜಿಬ್ರಾಲ್ಟರ್‌ಗೆ ಹೋಗಿ ಕೂತು ಫೋನಿನಲ್ಲೇ ಗಿರಾಕಿಗಳನ್ನು ಎಳೆಯತೊಡಗಿದರು. 2001ರ ಅಕ್ಟೋಬರಿನಲ್ಲಿ ಅಲ್ಲಿಯ ಸರಕಾರ ಪಣದ ಮೇಲಿನ ಸುಂಕ ತೆಗೆದು, ಬುಕ್‌ಮೇಕರ್‌ನ ಲಾಭದ ಮೇಲೆ ಶೇ 15 ಹಾಕಿತು. ಹಾಂಕಾಂಗ್‌ನಲ್ಲಿ ಕುದುರೆ ಪಣ ಒಂದೇ ಸಂಸ್ಥೆಯ, ಜಾಕಿ ಕ್ಲಬ್ಬಿನ ಕೈಯಲ್ಲಿದೆ. ಅಲ್ಲಿಯೂ 2006ರಲ್ಲಿ ಸುಂಕವನ್ನು ಪಣದಿಂದ ಲಾಭಕ್ಕೆ ವರ್ಗಾಯಿಸಿದರು. ದರ ಶೇ 70ಕ್ಕೂ ಮೇಲೆ. ಅಷ್ಟು ಕಟುವಾದ ತೆರಿಗೆ ಇದ್ದೂ ಕುಸಿಯುತ್ತಿದ್ದ ವಹಿವಾಟು ಮತ್ತೆ ಏರಿತು. ತೆರಿಗೆ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಸರಿಯಾದ ಜಾಗದಲ್ಲಿ ಹಾಕಿ ಎಂದು ಕೇಳುತ್ತಿದ್ದೇನೆ. ಕೌಟಿಲ್ಯ ಗೆದ್ದವನಿಂದ ತೆಗೆದುಕೊಂಡ, ಪಣ ಇಟ್ಟವನಿಂದಲ್ಲ.

ಪೂರ್ತಿ ನಿಷೇಧಿಸಿಬಿಡಿ ಎನ್ನುವವರೂ ಇದ್ದಾರೆ. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಹಿಂದೆ ಇದು ಎಲ್ಲೆಲ್ಲಿ ನಡೆದಿದೆಯೋ ಅಲ್ಲೆಲ್ಲ ನಿಷೇಧ ಬಡವನ ಬಾಗಿಲಿಗೆ ಮೊದಲು ಹೋಗಿದೆ. 1906ರಲ್ಲಿ ಬ್ರಿಟನ್ ಬೀದಿಯ ಪಣವನ್ನು ಅಪರಾಧ ಮಾಡಿತು. ರೇಸ್ ಮೈದಾನಕ್ಕೆ ಹೋಗಬಲ್ಲವನಿಗೂ ಬುಕ್‌ಮೇಕರ್‌ನ ಹತ್ತಿರ ಖಾತೆ ಇದ್ದವನಿಗೂ ಏನೂ ಆಗಲಿಲ್ಲ, ಕಾರ್ಖಾನೆ ಗೇಟಿನಲ್ಲಿ ಚೀಟಿ ಕೊಟ್ಟವನು ಠಾಣೆಗೆ ಹೋದ. ಅರ್ಧ ಶತಮಾನ ಇದು ನಡೆದು, ಪೊಲೀಸರಿಗೆ ಮಾಮೂಲಿ ಅಭ್ಯಾಸವಾಗಿ, ಕೊನೆಗೆ 1960ರಲ್ಲಿ ಕಾನೂನೇ ಮಣಿಯಿತು. ನ್ಯೂಯಾರ್ಕ್ 1908ರ ಹಾರ್ಟ್–ಆಗ್ನ್ಯೂ ಕಾನೂನಿನಿಂದ ಪಣ ನಿಲ್ಲಿಸಹೊರಟಿತು. 1911 ಮತ್ತು 1912ರಲ್ಲಿ ಅಲ್ಲಿಯ ಮೈದಾನಗಳಲ್ಲಿ ಓಟವೇ ಇರಲಿಲ್ಲ. ಕುದುರೆಗಳು ಹಡಗು ಹತ್ತಿ ಯುರೋಪಿಗೆ ಹೋದವು. 1913ರಲ್ಲಿ ಮೈದಾನಗಳು ಮತ್ತೆ ತೆರೆದವು. ನಮ್ಮಲ್ಲಿ ಮುಂಬಯಿಯ ಮಟ್ಕಾ ಹತ್ತಿಯ ದರದ ಮೇಲಿನ ಪಣವಾಗಿ ಹುಟ್ಟಿ, ಆ ದರ ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತಿ ಬದುಕಿತು. ದಾಳಿಗಳು ಅದನ್ನು ಮನೆಯಿಂದ ಮನೆಗೆ ಓಡಿಸಿದವೇ ಹೊರತು ಮುಗಿಸಲಿಲ್ಲ. ಕರಾವಳಿಯ ಕೋಳಿ ಅಂಕದ ಮೇಲೆ ನಡೆಯುವ ದಾಳಿಗಳ ಫಲವೂ ಇಷ್ಟೇ.

2007 ಕರ್ನಾಟಕದಲ್ಲಿ ಎರಡು ನಿಷೇಧಗಳ ವರ್ಷ. ಲಾಟರಿ ಹೋಯಿತು, ಜುಲೈ 1ರಿಂದ ಸಾರಾಯಿಯೂ ಹೋಯಿತು. ಒಂದಂಕಿ ಲಾಟರಿಯ ಹಾವಳಿ ಕಂಡವರಾರೂ ಅದನ್ನು ಮರಳಿ ಕೇಳಲಾರರು. ಅದೂ ವೇಗದ ಜೂಜೇ ಆಗಿತ್ತು, ದಿನಕ್ಕೆ ಹತ್ತಾರು ಡ್ರಾ. ಸಾರಾಯಿಯ ಜಾಗಕ್ಕೆ ಮಾತ್ರ ಅಗ್ಗದ ಬ್ರಾಂಡಿ, ವಿಸ್ಕಿ ಬಂದವು. ಇಂದು ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿ ಮೀರಿದೆ. ವ್ಯಸನದ ಒಂದು ರೂಪದಿಂದ ಬೊಕ್ಕಸ ತುಂಬಿಕೊಳ್ಳುತ್ತ ಇನ್ನೊಂದನ್ನು ಪಾಪವೆನ್ನುವ ಸರಕಾರದ ಮಾತಿಗೆ ತೂಕ ಇರುವುದಿಲ್ಲ.

ರೇಸ್ ಉಳಿಯಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಮಕಾವ್ 2024ರ ಏಪ್ರಿಲ್‌ನಲ್ಲಿ, ಸಿಂಗಪುರ ಅದೇ ವರ್ಷದ ಅಕ್ಟೋಬರ್ 5ರಂದು ತಮ್ಮ ಮೈದಾನಗಳಿಗೆ ಬೀಗ ಹಾಕಿದವು. ಚೆನ್ನೈಯ ಗಿಂಡಿಯಲ್ಲಿ ಸುಮಾರು 160 ಎಕರೆಯನ್ನು ತಮಿಳುನಾಡು ಸರಕಾರ 2024ರ ಸೆಪ್ಟೆಂಬರಿನಲ್ಲಿ ಹಿಂದಕ್ಕೆ ಪಡೆಯಿತು. ಬೆಂಗಳೂರಿನ ನಡುಮಧ್ಯದ ಸುಮಾರು 85 ಎಕರೆಯ ಗುತ್ತಿಗೆ 2009ರ ಕೊನೆಗೇ ಮುಗಿದಿದೆ. 2024ರಲ್ಲಿ ಬುಕ್‌ಮೇಕರ್‌ಗಳ ತೆರಿಗೆ ವಂಚನೆಯ ತನಿಖೆಯ ಹಿನ್ನೆಲೆಯಲ್ಲಿ ಸರಕಾರ ಪರವಾನಗಿ ತಡೆಹಿಡಿಯಿತು. ಜೂನ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಓಟಕ್ಕೆ ಅನುಮತಿ ಕೊಟ್ಟರೆ, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ಈ ಎಳೆದಾಟದಲ್ಲಿ ಹೆಚ್ಚು ನೊಂದವರು ಪಣ ಕಟ್ಟುವವರಲ್ಲ. ನಸುಕಿಗೆ ಎದ್ದು ಕುದುರೆಗೆ ಮೈ ತಿಕ್ಕುವ ಸೈಸ್‌ಗಳು, ಲಾಳ ಹೊಡೆಯುವವರು, ಹುಲ್ಲು ತರುವವರು, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನ ಸ್ಟಡ್ ಫಾರಂ ನಂಬಿದ ಕುಟುಂಬಗಳು. ಮುಚ್ಚುವುದಾದರೆ ಇವರಿಗೂ, ಓಟ ನಿಲ್ಲಿಸಿದ ಮೇಲೆ ಇಪ್ಪತ್ತು ವರ್ಷ ಬದುಕಬಲ್ಲ ಕುದುರೆಗಳಿಗೂ ವ್ಯವಸ್ಥೆ ಮಾಡಿ ಮುಚ್ಚಬೇಕು.

ನಡೆಸುವುದಾದರೆ ಪರವಾನಗಿಯ ಷರತ್ತುಗಳೇ ಬದಲಾಗಬೇಕು. 1952ರ ಕಾಯಿದೆಯ ಕಾಳಜಿ ಆವರಣ, ಶುಲ್ಕ, ಲೆಕ್ಕಪತ್ರಗಳದ್ದು. ಸೋಲುವವನ ಹೆಸರು ಅದರಲ್ಲಿಲ್ಲ. ಪಣ ಕಟ್ಟುವವನಿಗೆ ಗುರುತಿನ ಕಾರ್ಡು, ದಿನಕ್ಕಿಷ್ಟೇ ಎಂದು ತಾನೇ ಹಾಕಿಕೊಂಡ ಮಿತಿ, ಮಿತಿ ಏರಿಸಬೇಕೆಂದರೆ ಒಂದು ವಾರ ಕಾಯುವ ನಿಯಮ, ಸಾಲದ ಮೇಲೆ ಪಣಕ್ಕೆ ಸಂಪೂರ್ಣ ತಡೆ ಇವು ಬರಬೇಕು. ಹೊಸತೊಡಕಿನ ಇಸ್ಪೀಟಿಗೂ ಕೌಟಿಲ್ಯನ ಮಾದರಿಯಲ್ಲಿ ಒಂದು ಮಿತಿ ಹಾಕಿ, ಅದರೊಳಗೆ ಆಡಿದವನನ್ನು ಠಾಣೆಗೆ ಎಳೆಯದಿರಬೇಕು. ನಿಮ್ಹಾನ್ಸ್ 2014ರಿಂದ ಮೊಬೈಲ್ ಮತ್ತು ಇಂಟರ್ನೆಟ್ ಚಟಕ್ಕೆ ಷಟ್ ಕ್ಲಿನಿಕ್ ನಡೆಸುತ್ತಿದೆ. ಜೂಜಿನ ಚಟಕ್ಕೆ ಅಂಥ ಚಿಕಿತ್ಸೆ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಸಿಗಬೇಕು, ಅದರ ಖರ್ಚು ರೇಸ್ ತೆರಿಗೆಯಿಂದಲೇ ಬರಬೇಕು. ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಒಂದಿದೆ. ಸಿಂಗಪುರದಲ್ಲಿ ಜೂಜಿನಿಂದ ಮನೆ ಕೆಟ್ಟವನ ಹೆಂಡತಿ, ತಂದೆತಾಯಿ ಅಥವಾ ಮಕ್ಕಳು ಅರ್ಜಿ ಕೊಟ್ಟು ಅವನನ್ನು ಕ್ಯಾಸಿನೊದ ಬಾಗಿಲಲ್ಲೇ ತಡೆಸಬಹುದು, ವಿಚಾರಣೆ ನಡೆಸಿ ಆದೇಶ ಕೊಡಲು ಅಲ್ಲೊಂದು ಮಂಡಳಿಯಿದೆ. ಬೆಂಗಳೂರು, ಮೈಸೂರುಗಳ ಗೇಟಿನಲ್ಲಿ ಅಂಥ ಅರ್ಜಿ ಕನ್ನಡದಲ್ಲಿ, ಶುಲ್ಕವಿಲ್ಲದೆ ಸಿಗಬೇಕು. ಆದೇಶವಾದ ಮೇಲೆ ಆ ಹೆಸರಿಗೆ ಟಿಕೆಟ್ ಕೊಟ್ಟ ಕಿಟಕಿಗೆ ದಂಡ ಬೀಳಬೇಕು. ಮುಂದಿನ ಸಲ ರಾಜ್ಯ ಸರಕಾರ ರೇಸ್ ಪರವಾನಗಿಗೆ ಸಹಿ ಹಾಕುವಾಗ ಈ ಒಂದು ಷರತ್ತನ್ನು ಸೇರಿಸಲು ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ, ಸುಪ್ರೀಂ ಕೋರ್ಟಿನ ತೀರ್ಪಿಗೂ ಕಾಯಬೇಕಿಲ್ಲ.